ಅಪ್ಪನ ದ್ರಾಕ್ಷಿಯ ವೈನ್

ಅಪ್ಪ ಆ ಬಾಟಲಿಯನ್ನು ಹಳೆಯ ಪಂಚೆಯೊಂದರಲ್ಲಿ ಸುತ್ತಿ, ಜಕ್ಕೂರಿನ ನಮ್ಮ ಮನೆಯ ಅಟ್ಟದ ಮೇಲೆ ಮಲಗಿಸಿಟ್ಟಿದ್ದ. ಹುಣಸಮಾರನಹಳ್ಳಿಯ ಹತ್ತಿರ ನಮಗಿದ್ದ ಅರ್ಧ ಎಕರೆಯಲ್ಲಿ ವೈನಿಗೆಂದೇ ಕಪ್ಪು ದ್ರಾಕ್ಷಿ ಬೆಳೆದಿದ್ದ. ಕೈಗೆ ಸಿಕ್ಕಿದ್ದು 2008ರ ಒಂದೇ ಫಸಲು. ಮರುವರ್ಷ ಜಮೀನು ರಸ್ತೆಗೆ ಹೋಯಿತು. ಆ ಫಸಲು ಕೊಂಡವರು ದೊಡ್ಡಬಳ್ಳಾಪುರದಾಚೆ ಸಣ್ಣದೊಂದು ದ್ರಾಕ್ಷಿತೋಟ ಇಟ್ಟುಕೊಂಡು ತಾವೇ ವೈನ್ ಮಾಡುತ್ತಿದ್ದ ಒಬ್ಬ ಹಿರಿಯರು. ಅದರ ಒಂದು ಬಾಟಲಿಯನ್ನು ಅಪ್ಪನಿಗೆ ಕೊಟ್ಟು, "ಹತ್ತು ವರ್ಷ ಮುಟ್ಬೇಡಿ, ಆಮೇಲೆ ನೋಡಿ" ಎಂದಿದ್ದರಂತೆ.

ಐದನೆಯ ವರ್ಷ, ಮನೆಗೆ ಬಣ್ಣ ಹೊಡೆಸುವಾಗ, ಅದು ನನ್ನ ಕೈಜಾರಿ ಒಡೆಯಿತು. ಅಪ್ಪ ಮನೆಯಲ್ಲಿರಲಿಲ್ಲ. ಗಾಜು ಆಯ್ದೆ, ನೆಲ ಒರೆಸಿದೆ. ಮಾರನೆಯ ದಿನ ಆಫೀಸಿಗೆ ರಜೆ ಹಾಕಿ ಆ ಹಿರಿಯರ ತೋಟಕ್ಕೆ ಓಡಿದೆ. ಆ ವರ್ಷದ್ದು ಒಂದೂ ಉಳಿದಿರಲಿಲ್ಲ. ಮರುವರ್ಷದ್ದು ಕೊಟ್ಟರು. ಬಾಟಲಿಯ ಮೇಲಿನ ಚೀಟಿ ಅದೇ, ಅದರಲ್ಲಿ ವರ್ಷ ಬರೆದಿರಲಿಲ್ಲ; ದ್ರಾಕ್ಷಿ ಮಾತ್ರ ಇನ್ಯಾರದೋ. "ಅಪ್ಪನಿಗೆ ಹೇಳ್ಬೇಡಿ" ಎಂದು ಕೇಳಿಕೊಂಡೆ. ತಲೆಯಾಡಿಸಿದರು. ಇನ್ನೊಂದು ಪಂಚೆಯಲ್ಲಿ ಸುತ್ತಿ, ಇದ್ದ ಜಾಗದಲ್ಲೇ ಇಟ್ಟೆ.

ಅಂದಿನಿಂದ ಅಪ್ಪ ಅಟ್ಟದ ಕಡೆ ಕತ್ತೆತ್ತಿದರೆ ಸಾಕು, ನಾನು ಏನಾದರೊಂದು ನೆಪ ಮಾಡಿ ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ.

2019ರ ಒಂದು ಭಾನುವಾರ ಮಧ್ಯಾಹ್ನ ಅವನೇ ಏಣಿ ಹಾಕಿ ಬಾಟಲಿ ಇಳಿಸಿದ. ಬಿರಡೆ ಅರ್ಧಕ್ಕೇ ಮುರಿದು ಒಳಗೆ ಬಿತ್ತು. ಟೀ ಸೋಸುವ ಜಾಲರಿಯಲ್ಲಿ ಸೋಸಿ ಎರಡು ಲೋಟಕ್ಕೆ ಬಗ್ಗಿಸಿದೆ. ಕೆಂಪು ಬಣ್ಣ ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಒಣಗಿದ ಅಂಜೂರದ ವಾಸನೆ, ಮೊದಲು ಹುಳಿ, ಆಮೇಲೆ ನೇರಳೆಹಣ್ಣು ತಿಂದಂತೆ ನಾಲಿಗೆಗೆ ಒಗರು. ನನಗೆ ಇಷ್ಟವಾಯಿತು. ಹೇಳುವ ಧೈರ್ಯವಾಗಲಿಲ್ಲ.

ಅಪ್ಪ ಮೂರು ಗುಟುಕು ಕುಡಿದು ಲೋಟ ಇಟ್ಟ. ಕಿಟಕಿಯವರೆಗೆ ಹೋದ, ಬಂದ, ಮತ್ತೆ ಕುಡಿದ.

"ಇದು ನಮ್ದಲ್ಲ ಕಣೆ. ನಮ್ ಹಣ್ಣಲ್ಲಿ ಕೊನೇಗೆ ಮೆಣಸಿನ ಕಾಳು ಕಚ್ಚಿದಂಗಿರ್ತಿತ್ತು. ಆವಯ್ಯ ಇನ್ಯಾರ್ದೋ ತುಂಬ್ಸಿ ಕೊಟ್ಟವ್ನೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಹಿರಿಯರನ್ನು ಬೈಯತೊಡಗಿದ್ದ. "ನಂಬಿದ್ದಕ್ಕೆ ಇಂಗಾ ಮಾಡೋದು?"

ಆ ಕಡೆಯಿಂದ ಹಿರಿಯರು ಮೆಲ್ಲಗೆ ಹೇಳಿದರು: "ನನ್ನಿಂದ್ಲೇ ಅದಲುಬದಲಾಗಿರ್ಬೇಕು ಯಜಮಾನ್ರೇ. ತಪ್ಪಾಯ್ತು."

ನನಗೆ ತಡೆಯಲಾಗಲಿಲ್ಲ. ಫೋನ್ ಕಿತ್ತುಕೊಂಡು, ಇಬ್ಬರಿಗೂ ಕೇಳುವಂತೆ ಎಲ್ಲವನ್ನೂ ಒದರಿಬಿಟ್ಟೆ.

ಅಪ್ಪ ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು ಒಂದೇ ಮಾತು ಕೇಳಿದ. "ಒಡೆದಾಗ ವಾಸ್ನೆ ಎಂಗಿತ್ತು?"

"ಭಯಕ್ಕೆ ಮೂಸೇ ನೋಡ್ಲಿಲ್ಲ ಅಪ್ಪಾ."

ಅವನು ಎದ್ದು ಅಂಗಳಕ್ಕೆ ಹೋದ. ನಾನು ಒಗೆದಿದ್ದ ಬಟ್ಟೆಯನ್ನೇ ಮತ್ತೆ ಒಗೆದೆ. ದೀಪ ಹಚ್ಚುವ ಹೊತ್ತಿಗೆ ಅಪ್ಪ ಒಳಗೆ ಬಂದು, "ನಾಳೆ ಅವರ ತೋಟಕ್ಕೆ ಕರ್ಕೊಂಡೋಗು. ಫೋನಲ್ಲಿ ಬೈದಿದ್ಕೆ ಎದುರ್ಗೆ ಹೋಗಿ ಕೈ ಮುಗೀಬೇಕು" ಎಂದ.

ಹೋದೆವು. ಅವರಿಬ್ಬರೂ ಒಳಗೆ ಎರಡು ಗಂಟೆ ಕೂತರು. ನನ್ನನ್ನು ಯಾರೂ ಕರೆಯಲಿಲ್ಲ. ಬಳ್ಳಿಯ ಸಾಲುಗಳ ನಡುವೆ ಅತ್ತಿಂದಿತ್ತ ನಡೆಯುತ್ತಾ, ಪ್ರತಿ ಸಲ ತಿರುಗುವಾಗಲೂ ಆ ಬಾಗಿಲನ್ನೇ ನೋಡುತ್ತಿದ್ದೆ. ಒಮ್ಮೆ ಒಳಗಿನಿಂದ ಅಪ್ಪನ ನಗು ಕೇಳಿಸಿತು.

ವಾಪಸು ಬರುವಾಗ ಕಾರಿನಲ್ಲಿ, "ಏನ್ ಮಾತಾಡಿದ್ರಿ ಅಷ್ಟೊತ್ತು?" ಎಂದೆ.

"ಬಳ್ಳಿ ಕತ್ತರ್ಸೋದು ಯಾವಾಗ ಅಂತ" ಎಂದು ಅಪ್ಪ ಕಿಟಕಿ ಕಡೆ ತಿರುಗಿದ.

ನನ್ನ ವಿಷಯ ಬಂತೇ ಎಂದು ಕೇಳಬೇಕೆನಿಸಿತು. ಯಲಹಂಕ ದಾಟಿದರೂ ಕೇಳಲಾಗಲಿಲ್ಲ.