ಸುಳ್ಳಮ್ಮನ ಮಗಳ ರಿಪೋರ್ಟು

ಮಕ್ಕಳ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊಲಿಗೆ ಮಷೀನು ತುಳಿಯುತ್ತಿದ್ದ ಆ ಹೆಂಗಸಿಗೆ ಹೆತ್ತವರಿಟ್ಟ ಹೆಸರು ಏನೇ ಇರಲಿ, ಆಸ್ಪತ್ರೆಗೆಲ್ಲ ಆಕೆ ಸುಳ್ಳಮ್ಮ. ಹಾಗೆಂದು ಸುಳ್ಳುಬುರುಕಿ ಅಂದುಕೊಂಡೀರಿ, ಅಷ್ಟು ನಿಯತ್ತಿನವಳು ಆ ಐದಂತಸ್ತಿನಲ್ಲಿ ಇನ್ನೊಬ್ಬಳಿರಲಿಲ್ಲ. ಮಕ್ಕಳ ಕಾಯಿಲೆಗಳ ಸಂಶೋಧನೆಗೆ ಹೊಸದಾಗಿ ಇಳಿದ ಎಳೆ ಡಾಕ್ಟರುಗಳಿಗೆ ಅಲ್ಲಿ ಒಂದು ಪಾಠವಿತ್ತು. ಕಾಯಿಲೆ ಮಗುವಿನ ತಾಯಿಯ ಎದುರು ಕೂತು, ನಿಮ್ಮ ಮಗುವಿನ ರಕ್ತವನ್ನು ನಮ್ಮ ಅಧ್ಯಯನಕ್ಕೆ ಕೊಡುತ್ತೀರಾ ಎಂದು ಕೇಳುವುದು. ಪುಸ್ತಕಗಳನ್ನು ಅರೆದು ಕುಡಿದವರಿಗೂ ಅದು ಸುಲಭಕ್ಕೆ ಬಾರದು, ಮತ್ತು ನಿಜವಾದ ತಾಯಂದಿರ ಮೇಲೆ ಕಲಿಯಬಾರದು. ತಾಯಿಯ ವೇಷಕ್ಕೆ ಗೊತ್ತುಮಾಡಿದ್ದ ನಟಿ ಒಂದು ದಿನ ಕೈಕೊಟ್ಟಾಗ, ತರಬೇತಿ ನಡೆಸುವ ದೊಡ್ಡ ಡಾಕ್ಟರು ಪರದೆ ಹೊಲಿಯುತ್ತಿದ್ದವಳನ್ನು ಕರೆದು ಕೂರಿಸಿದರು. ಅದಾಗಿ ಹನ್ನೊಂದು ವರ್ಷ.

ಅಳುವುದನ್ನು ಆಕೆಗೆ ಯಾರೂ ಕಲಿಸಬೇಕಿರಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿದ್ದರೂ ಮಡಿಲು ತುಂಬಿರಲಿಲ್ಲ. ವೇಷದಲ್ಲಿ ಆಕೆಗೆ ಐದು ವರ್ಷದ ಮಗಳು, ಮಗಳಿಗೆ ರಕ್ತದ ಕಾಯಿಲೆ. ಸಣ್ಣ ಕೋಣೆ, ಒಂದು ಗೋಡೆಗೆ ಕನ್ನಡಿ, ಕನ್ನಡಿಯ ಆಚೆಯಿಂದ ನೋಡುತ್ತ ಕೂತ ಉಳಿದ ಡಾಕ್ಟರುಗಳು. "ನನ್ನ ಮಗೂನ ಚುಚ್ಚಿ ಚುಚ್ಚಿ ನೀವು ದೊಡ್ಡೋರಾಗ್ಬೇಕಾ?" ಎಂದು ಆಕೆ ಕೇಳಿದರೆ ಗಡ್ಡ ಮೀಸೆ ಬಂದವರೂ ತಡಬಡಾಯಿಸುತ್ತಿದ್ದರು. ಒಮ್ಮೊಮ್ಮೆ, "ನಂಗೆ ಮಗಳೇ ಇಲ್ಲ, ಹೋಗ್ರಿ" ಎಂದು ಎದ್ದೂಬಿಡುತ್ತಿದ್ದಳು. ಹೆದರಿಕೆಗೆ ಹಾಗನ್ನುವ ತಾಯಂದಿರೂ ಇರುತ್ತಾರೆ. ಅವರನ್ನು ಗದರದೆ ಮೆತ್ತಗೆ ಮಾತಾಡಿಸುವುದೂ ಪಾಠದಲ್ಲೇ ಸೇರಿತ್ತು.

ಆ ವರ್ಷದ ತಂಡದಲ್ಲಿ ಒಬ್ಬ ಡಾಕ್ಟರಮ್ಮ ಇದ್ದಳು. ಬುದ್ಧಿ ಚುರುಕು, ಕಾಲು ಇನ್ನೂ ಚುರುಕು, ಹಾಗಾಗಿ ಹೆಸರು ಗಡಿಬಿಡಿ. ಪಾಠ ನಿಜದ ಹಾಗೇ ಇರಲಿ ಎಂದು ಆಕೆ ಅಧ್ಯಯನದ ಅಸಲಿ ಅರ್ಜಿಯನ್ನೂ ಅರ್ಜಿಗೂ ರಕ್ತದ ಸೀಸೆಗೂ ಅಂಟಿಸುವ, ಒಂದೇ ನಂಬರು ಅಚ್ಚಾದ ಚೀಟಿಗಳ ಹಾಳೆಯನ್ನೂ ತಂದಿದ್ದಳು. ಸುಳ್ಳಮ್ಮ ಅತ್ತಳು, ಒಪ್ಪಿದಳು, ಸಹಿ ಹಾಕಿದಳು. ಮಗಳ ಹೆಸರು ಕೇಳಿದಾಗ, ಆಸೆ ಇನ್ನೂ ಬತ್ತದಿದ್ದ ಕಾಲದಲ್ಲಿ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು ನಾಲಿಗೆಗೆ ಬಂತು. ಫೋನ್ ನಂಬರು ಬಾಯಿತಪ್ಪಿ ತನ್ನದನ್ನೇ ಕೊಟ್ಟಳು. ಗಡಿಬಿಡಿ ಒಂದು ಚೀಟಿಯನ್ನು ಅರ್ಜಿಗೆ ಅಂಟಿಸಿದಳು.

ಒಂದೂವರೆ ತಿಂಗಳ ಮೇಲೆ, ಬೆಳಗಿನ ಕಾಫಿ ಹೊತ್ತಿಗೆ ಫೋನ್ ಬಂತು. ರಸ್ತೆಯಾಚೆಯ ಅಧ್ಯಯನದ ಕಚೇರಿಯಿಂದ ಹೆಣ್ಣುದನಿ. "ಅಮ್ಮ, ನಿಮ್ಮ ಮಗಳ ರಿಪೋರ್ಟ್ ಬಂದು ಹತ್ತು ದಿನ ಆಯ್ತು. ಒಂದ್ಸಲ ಕರ್ಕೊಂಡು ಬರ್ತೀರಾ?"

ಸುಳ್ಳಮ್ಮ ನಕ್ಕಳು. "ನಂಗೆ ಮಗಳೇ ಇಲ್ಲಮ್ಮ. ಅದು ಪಾಠಕ್ಕೆ ಆಡಿದ ನಾಟಕ."

"ಹಾಗನ್ಬೇಡಿ ಅಮ್ಮ. ನಿಮ್ಮ ಸಂಕಟ ಅರ್ಥ ಆಗುತ್ತೆ." ಆಕೆ ಅಲ್ಲಗಳೆದಷ್ಟೂ ಆ ದನಿ ಮೆತ್ತಗಾಗುತ್ತ ಹೋಯಿತು. ಕಚೇರಿಯವರಿಗೂ ಅದೇ ಪಾಠ ಆಗಿತ್ತಲ್ಲ. "ಮಗಳ ರಕ್ತ ನಮ್ಮ ಹತ್ರ ಇದೆ ಅಮ್ಮ. ಎರಡು ಸಲ ಪರೀಕ್ಷೆ ಮಾಡಿದ್ದಾರೆ. ತಡ ಮಾಡಬೇಡಿ."

ಸುಳ್ಳಮ್ಮ ಫೋನ್ ಕಟ್ ಮಾಡಿದಳು. ಅರ್ಜಿ ತಪ್ಪಿ ಹೋಗಿರಬಹುದು, ಸರಿ. ಕಾಗದಕ್ಕೆ ಕಾಲು ಬರುವುದು ಹೊಸತಲ್ಲ. ಇಲ್ಲದ ಮಗಳಿಗೆ ರಕ್ತ ಎಲ್ಲಿಂದ ಬಂತು? ಹನ್ನೊಂದು ವರ್ಷ ಇದೇ ಬಾಯಲ್ಲಿ, ನನ್ನ ಮಗಳಿಗೆ ಕಾಯಿಲೆ, ನನ್ನ ಮಗಳು ಸಾಯುತ್ತಾಳೆ ಎಂದು ಅತ್ತದ್ದು ಎಲ್ಲೋ ಹೋಗಿ ತಟ್ಟಿತೇ ಎಂದು ಹೆದರಿದಳು. ವಿವೇಕವಿದ್ದವರು ನಗಬಹುದು. ಹಗಲು ಬೆಳಕಿನಲ್ಲಿ, ಮೂರು ಮಂದಿ ಹೊಲಿಯುತ್ತಿದ್ದ ಕೋಣೆಯಲ್ಲಿ, ಬೆನ್ನ ಹಿಂದೆ ಯಾರೋ ಸಣ್ಣವರು ನಿಂತು ಸೂಜಿ ನೋಡುತ್ತಿದ್ದಾರೆ ಅನ್ನಿಸಿದಾಗ ಎಷ್ಟು ಜನಕ್ಕೆ ವಿವೇಕ ಉಳಿಯುತ್ತದೋ ನನಗೆ ಗೊತ್ತಿಲ್ಲ. ಒಮ್ಮೆ ದಿಂಬಿನ ಚೀಲ ಕತ್ತರಿಸಲು ಕೂತವಳು ಕೈ ನೋಡಿಕೊಂಡರೆ, ಐದು ವರ್ಷದ ಮಗುವಿನ ಅಳತೆಗೆ ಅಂಗಿ ಕತ್ತರಿಸಿಟ್ಟಿದ್ದಳು. ಫೋನ್ ದಿನವೂ ಬರುತ್ತಿತ್ತು. ದಿನವೂ ಕಟ್ ಮಾಡುತ್ತಿದ್ದಳು. ಹೇಳಿದರೆ ಹುಚ್ಚಿ ಅಂದಾರೆಂದು ಯಾರೊಂದಿಗೂ ಬಾಯಿ ಬಿಡಲಿಲ್ಲ.

ಒಂಬತ್ತನೆಯ ದಿನ ರಿಪೋರ್ಟೇ ಫೋನಿಗೆ ಬಂತು. ಮಗಳ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ: ಕಾಯಿಲೆ ಮರುಕಳಿಸಿದೆ, ಚಿಕಿತ್ಸೆ ಕೂಡಲೇ ಬದಲಾಗಬೇಕು. ಆಕೆ ಅದನ್ನೇ ಮತ್ತೆ ಮತ್ತೆ ಓದುವುದನ್ನು ಕಂಡ ಗಂಡ ಫೋನ್ ಕಿತ್ತುಕೊಂಡು ಓದಿದ. ಬಸ್ಸಿನಲ್ಲಿ ಕಂಡಕ್ಟರಾಗಿ ಕೂದಲು ನೆರೆಸಿಕೊಂಡ ಆಸಾಮಿ, ಮಾತು ಒರಟು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರನ್ನ ಕೇಳಿದ್ದೆ. ನಿಂಗೆ ಕೂಸು ಹುಟ್ಟೋಕೆ ಮುಂಚೆ ಕಾಯಿಲೆನೇ ಬಂತಲ್ಲೇ."

ಆಕೆ ನಗಲಿಲ್ಲ. ಅಳುತ್ತ ಎಲ್ಲವನ್ನೂ ಹೇಳಿದಳು, ಬೆನ್ನ ಹಿಂದೆ ನಿಲ್ಲುವವಳನ್ನೂ ಸೇರಿಸಿ.

ಗಂಡ ರಿಪೋರ್ಟನ್ನು ಇನ್ನೊಮ್ಮೆ ಓದಿದ. "ನೋಡು, ಟಿಕೆಟ್ ಹರಿದಿದೆ ಅಂದ್ರೆ ಯಾರೋ ಒಬ್ಬರು ಬಸ್ ಹತ್ತಿರಲೇಬೇಕು. ಅದು ನಿನ್ನ ಮಗಳಲ್ಲ ಅಂದ್ಮೇಲೆ ಇನ್ಯಾರದೋ ಮಗು. ಅವರಮ್ಮಂಗೆ ಗೊತ್ತಿದ್ಯಾ ಇದು?"

ಒಂಬತ್ತು ದಿನ ಸುಳ್ಳಮ್ಮ ಹೆದರಿದ್ದು ದೆವ್ವಕ್ಕೆ. ಈಗಿನ ಹೆದರಿಕೆಗೆ ಹೋಲಿಸಿದರೆ ಅದು ಏನೇನೂ ಅಲ್ಲ. ಚಪ್ಪಲಿ ಮೆಟ್ಟಿದವಳು ಗಡಿಬಿಡಿಯ ಎದುರು ಹೋಗಿಯೇ ನಿಂತಳು.

ಗಡಿಬಿಡಿ ಫೋನ್ ನೋಡಿದಳು, ನಂಬರು ನೋಡಿದಳು, ಕೋಟಿನ ಜೇಬಿಗೆ ಕೈಹಾಕಿದಳು. ಪಾಠದ ಅರ್ಜಿ ಅಸಲಿ ಅರ್ಜಿಗಳ ಕಟ್ಟಿನಲ್ಲಿ ಸೇರಿ ಕಚೇರಿಗೆ ಹೋಗಿತ್ತು. ಮಿಕ್ಕ ಚೀಟಿಗಳು ಕೋಟಿನ ಜೇಬಿನಲ್ಲೇ ಉಳಿದಿದ್ದವು. ಮುಂದೊಂದು ದಿನ ವಾರ್ಡಿನಲ್ಲಿ ಅವಸರದಲ್ಲಿ ಅದರಲ್ಲೊಂದನ್ನು ಆಕೆಯೇ ಒಂದು ಸೀಸೆಗೆ ಅಂಟಿಸಿದ್ದಳು. ಆ ಸೀಸೆಯಲ್ಲಿದ್ದದ್ದು ನಾಲ್ಕು ವರ್ಷದ ಒಬ್ಬ ಹುಡುಗನ ರಕ್ತ. ಅವನ ಹೆಸರಿನ ಮುಂದೆ ಇವತ್ತಿಗೂ 'ಮಾದರಿ ಬಂದಿಲ್ಲ' ಎಂದಿತ್ತು. ಅವನ ತಾಯಿ ಬಂದು ಕೇಳಿದಾಗಲೆಲ್ಲ ಗಡಿಬಿಡಿಯೇ, "ರಿಪೋರ್ಟ್ ಬಂದಿಲ್ಲ ಅಂದ್ರೆ ಒಳ್ಳೇದೇ ಅಂದ್ಕೊಳ್ಳಿ" ಎಂದು ನಗಿಸಿ ಕಳಿಸಿದ್ದಳು.

ವಿಷಯ ಕೇಳಿದ ದೊಡ್ಡ ಡಾಕ್ಟರು ಕೂಗಾಡಲಿಲ್ಲ. "ನೀನೇ ಹೇಳ್ಬೇಕು. ಇವತ್ತೇ," ಎಂದರಷ್ಟೆ. ನೀವೂ ಜೊತೆಗಿರಿ ಎಂದು ಗಡಿಬಿಡಿ ಸುಳ್ಳಮ್ಮನ ಕೈ ಬಿಡಲಿಲ್ಲ. ಹುಡುಗನನ್ನು ಕರೆದುಕೊಂಡು ತಾಯಿ ಮಧ್ಯಾಹ್ನವೇ ಬಂದಳು, ಕನ್ನಡಿಯ ಅದೇ ಕೋಣೆಗೆ. ಹುಡುಗ ಕುರ್ಚಿಯ ಕೆಳಗೆ ನುಗ್ಗಿ ಏನೋ ಹುಡುಕುತ್ತಿದ್ದ. ಇದೇ ಕುರ್ಚಿಯಲ್ಲಿ ನೂರಾರು ಸಲ ಅತ್ತಿದ್ದ ಸುಳ್ಳಮ್ಮನಿಗೆ ಕಣ್ಣಲ್ಲಿ ಒಂದು ಹನಿ ಬರಲಿಲ್ಲ.

ಗಡಿಬಿಡಿ ಒಂದನ್ನೂ ಮುಚ್ಚಿಡದೆ ಹೇಳಿದಳು. ಚೀಟಿ, ತಪ್ಪು, ಕಾಯಿಲೆ. ಹೇಳಿ ಮುಗಿಸಿ, ಕಲಿತಿದ್ದಂತೆ ನೀರಿನ ಲೋಟ ಮುಂದೆ ಸರಿಸಿ ಸುಮ್ಮನಾದಳು. ಇನ್ನು ಅಳುತ್ತಾಳೆ ಎಂದು ಇಬ್ಬರೂ ಕಾದರು.

ತಾಯಿ ಅಳಲಿಲ್ಲ. "ಎಷ್ಟು ದಿನ ಆಯ್ತು?" ಎಂದು ಕೇಳಿದಳು.

ಗಡಿಬಿಡಿ ಸುಳ್ಳಮ್ಮನ ಕಡೆ ತಿರುಗಿದಳು. ಆ ಪ್ರಶ್ನೆಯನ್ನು ಸುಳ್ಳಮ್ಮ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಹತ್ತೊಂಬತ್ತು," ಎಂದಳು ಸುಳ್ಳಮ್ಮ. "ಅದರಲ್ಲಿ ಒಂಬತ್ತು ನನ್ನವು. ಫೋನ್ ಬರ್ತಿತ್ತು, ನಾನು ಕಟ್ ಮಾಡ್ತಿದ್ದೆ. ನನ್ನ ಹೆದರಿಕೆ ನಂಗೆ ದೊಡ್ಡದಾಯ್ತು. ತಪ್ಪಾಯ್ತು."

ತಾಯಿ ಆಕೆಯ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಬಗ್ಗಿ ಮಗನನ್ನು ಕುರ್ಚಿಯ ಕೆಳಗಿನಿಂದ ಎಳೆದು ಸೊಂಟಕ್ಕೆ ಏರಿಸಿಕೊಂಡು ಎದ್ದುನಿಂತಳು.

"ಮತ್ತೆ ಇನ್ನೂ ಯಾಕೆ ಕೂತಿದ್ದೀರಿ? ಏಳಿ."