ಘಾಟಿನಲ್ಲಿ ಬೆಂದ ಕವಚ

೧೯೯೫ರಲ್ಲಿ, ಏಳನೇ ಇಯತ್ತೆಗೆ, ನನ್ನ ಓದು ನಿಂತಿತು. ಬ್ಯಾಡಗಿ ಪೇಟೆಯಲ್ಲಿ ಹದಿನಾಲ್ಕು ವರ್ಷ ಮೆಣಸಿನಕಾಯಿ ಚೀಲ ಹೊತ್ತೆ. ನಾವು ಹಮಾಲರು ಖಾಲಿ ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತುರುಕಿ ತಲೆಯಿಂದ ಬೆನ್ನಿಗೆ ಇಳಿಬಿಡುತ್ತಿದ್ದೆವು. ನಾನು ತೊಟ್ಟ ಮೊದಲ ಕವಚ ಅದೇ. ಆಮೇಲೆ ರಾಣೆಬೆನ್ನೂರಿಗೆ ಬಂದು ಹೆಂಚಿನ ಭಟ್ಟಿಯಲ್ಲಿ ಮಣ್ಣು ಸುಡುವುದನ್ನು ಕಲಿತೆ. ಮಣ್ಣಿನ ಕವಚ ಮಾಡುವುದನ್ನು ಮಾತ್ರ ಯಾರೂ ಕಲಿಸಲಿಲ್ಲ, ಅದು ನನ್ನದೇ.

ಎದೆಗವಚದ ಮೇಲೆ ಹಲಗೇರಿ ಕಡೆಯ ಹೊಲ ಕೊರೆಯುತ್ತಿದ್ದೆ: ಸಾಲು, ಬದು, ಬೇಸಗೆಯ ಬಿರುಕು. ಎರೆಹೊಲದ ಕಪ್ಪು ಮಾತ್ರ ಬರುತ್ತಿರಲಿಲ್ಲ. ಸುಟ್ಟರೆ ಎಲ್ಲ ಹೆಂಚಿನ ಕೆಂಪು. ಹಾವೇರಿಯ ಕಲಾ ಪ್ರದರ್ಶನಕ್ಕೆ ಒಂದು ಕವಚ ಕೊಡುತ್ತೇನೆಂದು ಎದೆ ತಟ್ಟಿ ಹೇಳಿದ್ದೆ. ಮೊದಲಿನೆರಡು ಸೀಳಿದವು. ಮೂರನೆಯದು ನನ್ನ ಅಂಗಳದಲ್ಲಿ ಕಟ್ಟಿಕೊಂಡ ಪುಟ್ಟ ಭಟ್ಟಿಯಲ್ಲಿತ್ತು, ನಾಲ್ಕನೆಯದಕ್ಕೆ ದಿನ ಉಳಿದಿರಲಿಲ್ಲ.

ಆ ಮಧ್ಯಾಹ್ನ ಸುಡುವ ನಡುವೆಯೇ ಕಟ್ಟಿಗೆ ತೀರಿತು. ಒಲೆಗೆಂದು ಬ್ಯಾಡಗಿಯಿಂದ ತಂದಿದ್ದ ಮೆಣಸಿನಕಾಯಿ ತೊಟ್ಟಿನ ಚೀಲಗಳಿದ್ದವು. ಸುರಿದೇಬಿಟ್ಟೆ. ಪೇಟೆಯ ಗಾಳಿ ಕುಡಿದು ಬೆಳೆದ ನನ್ನ ಮೂಗಿಗೆ ಘಾಟು ಗೊತ್ತಾಗುವುದಿಲ್ಲ. ಓಣಿಯಲ್ಲಿ ಬೇರೆ ಮೂಗುಗಳೂ ಇವೆ ಎಂಬುದು ಮರೆತೇ ಹೋಯಿತು.

ಮೊದಲು ಎಮ್ಮೆ ಸೀನಿತು. ಆಮೇಲೆ ಓಣಿಗೆ ಓಣಿಯೇ ಸೀನಿತು. ಪಕ್ಕದ ಮನೆಯ ಅಜ್ಜಿ ನೀರಿನ ಕೊಡ ಹೊತ್ತು ಓಡಿಬಂದಳು.

"ಏ ಹುಚ್ಚಪ್ಪ, ಊರಿಗೆಲ್ಲಾ ದೃಷ್ಟಿ ತೆಗಿಯಾಕತ್ತೀಯೇನೋ? ಸರಿ ಅತ್ಲಾಗ, ಬೆಂಕಿ ಆರಸ್ತೇನಿ!"

"ಬ್ಯಾಡಬೇ ಆಯಿ! ನೀರ ಬಿದ್ದರ ಕವಚ ಸೀಳತೈತಿ!"

"ನನ್ನ ಎದಿ ಸೀಳಾಕತ್ತೈತಿ, ಅದಕ್ಕೇನಂತಿ?"

ಏನು ತೋಚಿತೋ, ಗೋಡೆಗೊರಗಿಸಿದ್ದ ಸೀಳುಕವಚವನ್ನು ಎದೆಗವುಚಿಕೊಂಡು ಭಟ್ಟಿಗೆ ಅಡ್ಡ ನಿಂತೆ. "ನನ್ನ ಮ್ಯಾಲ ಹಾಕಬೇ!"

ಹಾಕಿಯೇಬಿಟ್ಟಳು. ನೀರು ಹಲಗೇರಿಯ ಸಾಲುಗಳಲ್ಲಿ ಹರಿದು, ಬದು ದಾಟಿ, ನನ್ನ ಲುಂಗಿಗಿಳಿಯಿತು.

"ಮಳಿ ಚಲೋ ಆತು ನೋಡ್ರಿ, ಇನ್ನ ಬಿತ್ತಾಕ ಅಡ್ಡಿಯಿಲ್ಲ!" ಎಂದಳು ನನ್ನ ಹೆಂಡತಿ, ಸೀನುತ್ತಲೇ.

ಅಜ್ಜಿಗೆ ನಗು ಬಂತು, ನಗುವಿನೊಳಗೆ ಸೀನು ಬಂತು, ಕೊಡ ಉರುಳಿ ಗಟಾರ ಸೇರಿತು. ಓಣಿ ಪೂರ್ತಿ ಅಳುತ್ತಾ ನಗುತ್ತಿತ್ತು. ನಾನು ಲಗುಬಗೆಯಿಂದ ಭಟ್ಟಿಯ ಬಾಯಿಗೆ, ಸಂದುಗೊಂದಿಗೆಲ್ಲ ಹಸಿಮಣ್ಣು ಮೆತ್ತಿ ಹೊಗೆಯನ್ನು ಒಳಗೇ ಕೂಡಿಹಾಕಿದೆ.

ಮೂರನೆಯ ದಿನ ತೆರೆದರೆ, ಆ ಹೊಗೆಯನ್ನೆಲ್ಲ ಕುಡಿದ ಕವಚ ಎರೆಹೊಲದಷ್ಟು ಕಪ್ಪು! ಎಲ್ಲಿಯೂ ಸೀಳಿಲ್ಲ. ಅಂಗಳದಲ್ಲಿ ಕುಣಿದೆ. "ಆಯಿ, ಕಪ್ಪು ಬಂತಬೇ!"

"ಬರದ ಏನ ಮಾಡತೈತಿ, ನಾ ಬೈದ ಬೈಗಳಕ್ಕ?"

ಆ ಕವಚ ಹಾವೇರಿಗೆ ಹೋಯಿತು. ಈಗ ಅಜ್ಜಿಗೆ ಮೊದಲೇ ತಿಳಿಸಿ, ಊರ ಹೊರಗೆ ಸುಡುತ್ತೇನೆ. ನನ್ನ ಬಳಿ ಇರುವುದಿಷ್ಟು: ಭಟ್ಟಿ ಎರಡು, ಕಪ್ಪು ಕವಚ ಒಂಬತ್ತು, ಸೀಳಿದ ಕೆಂಪು ಕವಚ ಎರಡು, ತೊಟ್ಟಿನ ಚೀಲ ಆರು.