ಸುಗಂಧರಾಜದ ಬುಡದ ಮಣ್ಣು

ಎಪ್ಪತ್ತರ ದಶಕದ ಕೊನೆಗೆ, ನಾವು ಚನ್ನಗಿರಿಯಲ್ಲಿದ್ದಾಗ, ನನ್ನ ತಂಗಿ ಹೆಸರಿಡುವ ಮೊದಲೇ ತೀರಿಕೊಂಡಳು. ಹಾಲು ಕುಡಿಯುವ ಕೂಸನ್ನು ನಮ್ಮ ಮನೆತನದಲ್ಲಿ ದೂರ ಒಯ್ಯುವುದಿಲ್ಲ. ಹಿತ್ತಲ ಮೂಲೆಯಲ್ಲೇ ಮಣ್ಣು ಮಾಡಿದರು. ಅವ್ವ ಅದರ ಮೇಲೆ ಸುಗಂಧರಾಜದ ಗೆಡ್ಡೆ ಊರಿದಳು. ಎರಡು ವರ್ಷ ಚೆನ್ನಾಗಿ ಹೂ ಬಿಟ್ಟಿತು. ಆಮೇಲೆ ಗೆಡ್ಡೆಗೆ ಗೆಡ್ಡೆ ಒತ್ತಿಕೊಂಡು ಬರೀ ಎಲೆ, ದನಕ್ಕೆ ಹಾಕುವ ಹುಲ್ಲಿನ ಹಾಗೆ. ಕಿತ್ತು, ಬಿಡಿಸಿ, ದೂರ ದೂರ ನೆಟ್ಟರೆ ಮತ್ತೆ ಹೂ ಬರುತ್ತದೆಂದು ಅವ್ವನಿಗೆ ಗೊತ್ತಿಲ್ಲದ್ದೇನಲ್ಲ. ಮಿಕ್ಕ ಗಿಡಗಳಿಗೆಲ್ಲ ಹಾಗೇ ಮಾಡುತ್ತಿದ್ದಳು. ಆ ಮೂಲೆಗೆ ಮಾತ್ರ ಗುದ್ದಲಿ ತಾಗಿಸಲು ಬಿಡುತ್ತಿರಲಿಲ್ಲ.

ಅಣ್ಣತಮ್ಮಂದಿರ ಪಾಲಿನಲ್ಲಿ ಮನೆ ಚಿಕ್ಕಪ್ಪನಿಗೆ ಹೋಯಿತು. ಅವರಿಗೆ ಸರಿಯಾಗಿ ಆ ಮೂಲೆಯಲ್ಲೇ ಬಚ್ಚಲು ಕಟ್ಟಬೇಕಿತ್ತು. ಅಷ್ಟು ದೊಡ್ಡ ಹಿತ್ತಲಲ್ಲಿ ಬೇರೆ ಜಾಗವೇ ಕಾಣಲಿಲ್ಲ ಮಹಾರಾಯರಿಗೆ. ಆ ಸಿಟ್ಟು ನನಗೆ ಈಗಲೂ ಇಳಿದಿಲ್ಲ. ಅಪ್ಪನಿಗೆ ಜಗಳೂರಿಗೆ ವರ್ಗವಾಗಿತ್ತು. ಹೊರಡುವ ಬೆಳಿಗ್ಗೆ ಅವ್ವ ಕುಕ್ಕರುಗಾಲಲ್ಲಿ ಕೂತು, ಕೈಯಿಂದಲೇ ಕೆದರಿ, ಇಡೀ ಬುಡವನ್ನು ಎತ್ತಿ ಗೋಣಿಚೀಲದಲ್ಲಿ ಕಟ್ಟಿದಳು.

“ಮಣ್ಣು ಕೊಡವು, ಬಸ್ಸಲ್ಲಿ ಹೊರಾಕೆ ಭಾರ ಆಗ್ತೈತೆ,” ಅಂದರು ಅಪ್ಪ.

“ನಾನು ಒಯ್ಯಾಕೆ ಹೊಂಟಿರೋದೇ ಮಣ್ಣು ರೀ. ಕೂಸಂತೂ ಸಿಗಲ್ಲ.”

ದಾರಿಯುದ್ದಕ್ಕೂ ಆ ಚೀಲ ಅವಳ ತೊಡೆಯ ಮೇಲೇ ಇತ್ತು.

ಜಗಳೂರಿನ ಬಾಡಿಗೆ ಮನೆಯ ಹಿಂದೆ ಬುಡವನ್ನು ಹಾಗೇ ಇಡಿಯಾಗಿ ನೆಟ್ಟಳು. ಕುಡಿಯುವ ನೀರಿಗೇ ಪರದಾಡುವ ಊರು. ನಾವು ಮುಖ ತೊಳೆದ ನೀರೆಲ್ಲ ಅದಕ್ಕೇ. ಎಲೆ ಬಂತು, ಹೂ ಬರಲಿಲ್ಲ. ಪಕ್ಕದ ಮನೆಯಾಕೆ, ಪಾಪ, ಏನೂ ತಿಳಿಯದವರು, ನಗುತ್ತಾ ಅಂದರು: “ಹೆತ್ತೋರಿಗೆ ಹೆಗ್ಗಣ ಮುದ್ದು ಅನ್ನಂಗಾತು ನಿಮ್ದು. ಗೆಡ್ಡೆ ಬಿಡಿಸಿ ನೆಡ್ರಿ, ಹೂ ಹೆಂಗೆ ಬರಲ್ಲ ನೋಡಾಣ.” ಅವ್ವ ಎದ್ದು ಒಳಗೆ ಹೋದಳು.

ಕೆಲವು ವರ್ಷಗಳ ಮೇಲೆ ಗೆಡ್ಡೆಗಳು ನಡುವಿನಿಂದ ಕೊಳೆಯತೊಡಗಿದವು. ಬಿಡಿಸದಿದ್ದರೆ ಬುಡವೇ ಹೋಗುತ್ತಿತ್ತು. ಬೇರೆ ದಾರಿಯಿಲ್ಲದೆ ಅವ್ವ ಅಗೆದಳು. ಮೊದಲು ಚನ್ನಗಿರಿಯ ಮಣ್ಣನ್ನು ಬೇರೆ ತೆಗೆದಿಡುತ್ತೇನೆಂದು ಗೆಡ್ಡೆಗಳ ಸಂದಿಯಿಂದ ಬೆರಳಲ್ಲಿ ಉದುರಿಸುತ್ತಾ ಹೋದಳು. ನಾನು ಮೊರ ಹಿಡಿದು ಎದುರಿಗೆ ಕೂತಿದ್ದೆ. ಒಂದು ಹಿಡಿ ಮೊರಕ್ಕೆ ಹಾಕುವಳು, ಬೆಳಕಿಗೆ ಹಿಡಿದು ನೋಡಿ ಮತ್ತೆ ತೆಗೆಯುವಳು. ಇಷ್ಟು ದಿನ ಒಂದೇ ನೀರು ಕುಡಿದು ಎರಡೂ ಊರಿನ ಮಣ್ಣು ಬೆರೆತುಹೋಗಿತ್ತು.

“ನಿನ್ನ ಕಣ್ಣು ಚುರುಕೈತೆ, ನೋಡಪ್ಪಾ. ಇದ್ರಾಗೆ ಅಲ್ಲಿಂದು ಯಾವುದು?”

ನೋಡಿದೆ. ನನಗೂ ಗೊತ್ತಾಗಲಿಲ್ಲ. ಗೊತ್ತಾಗುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ಕೈಗೆ ಸಿಕ್ಕ ಒಂದು ಹೆಂಟೆ ಎತ್ತಿ, “ಇದು” ಅಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. ನನಗೆ ತಿಳಿದಿಲ್ಲವೆಂದು ಅವಳಿಗೆ ತಿಳಿಯಿತು. ಆದರೂ ಆ ಹೆಂಟೆಯನ್ನು ಇಸಿದುಕೊಂಡು, ಸೆರಗಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಅತ್ತಳು.